ನೀರು ಕುಡಿಯುವ ಯಂತ್ರ, ನೀರು ಬಿಡುವ ಯಂತ್ರ

ಅರವತ್ತೆಂಟು ವರ್ಷ ಬದುಕಿದ ಮೇಲೆ, ಮಂಗಳೂರಿಗೆ ಬಂದ ಮೊದಲನೆಯ ಮಧ್ಯಾಹ್ನ, ನಾನು ನನ್ನ ಬೆವರನ್ನು ಕಣ್ಣಾರೆ ನೋಡಿದೆ. ನಗಬೇಡಿ. ನಮ್ಮೂರು ಸೇಡಂನಲ್ಲಿ ನಮಗೆ ಬೆವರು ಬರುವುದಿಲ್ಲವೆಂದಲ್ಲ. ಬರುತ್ತದೆ, ಆದರೆ ನಾವು ನೋಡುವುದರೊಳಗೆ ಬಿಸಿಗಾಳಿ ಅದನ್ನು ಎತ್ತಿಕೊಂಡು ಹೋಗಿರುತ್ತದೆ. ಸಂಜೆ ಕುತ್ತಿಗೆ ಸವರಿಕೊಂಡರೆ ಉಪ್ಪಿನ ಪುಡಿ ಕೈಗೆ ಹತ್ತುತ್ತದೆ, ಅಷ್ಟೇ ಅದರ ಗುರುತು. ಇಲ್ಲಿ ಅದು ಮುಂಗೈ ಮೇಲೆ ಜೋಳದ ಕಾಳಿನಷ್ಟು ದಪ್ಪವಾಗಿ ಬಂದು ಕೂತಿತು. ನಾನು ಅದನ್ನು ನೋಡುತ್ತಾ ಕೂತೆ. ಅದು ಎಲ್ಲಿಗೂ ಹೋಗಲಿಲ್ಲ. ಒರೆಸಿದೆ, ಇನ್ನೊಂದು ಬಂತು. ಹೊಸದಾಗಿ ಕಲಿತ ಫೋನಿನಲ್ಲಿ ಈ ಸುದ್ದಿಯನ್ನು ತಂಗಿ ನೀಲಮ್ಮನಿಗೆ ಬರೆಯಲು ಹೋದರೆ ಒದ್ದೆ ಹೆಬ್ಬೆರಳಿನ ಮಾತನ್ನು ಫೋನೂ ಕೇಳಲಿಲ್ಲ.

ಇಲ್ಲಿಯವರು ಇದಕ್ಕೆ ‘ಸೆಕೆ’ ಅನ್ನುತ್ತಾರೆ. ನಮ್ಮ ಬಿಸಿಲಿನಂತೆ ಇದು ಮೇಲಿನಿಂದ ಬೀಳುವುದಿಲ್ಲ, ಎಲ್ಲ ಕಡೆಯಿಂದಲೂ ಬಂದು ಅಪ್ಪಿಕೊಳ್ಳುತ್ತದೆ. ನಮ್ಮಲ್ಲಿ ನೆರಳಿಗೆ ಹೋದರೆ ಬಿಸಿಲು ಹೊಸ್ತಿಲಲ್ಲೇ ನಿಲ್ಲುತ್ತದೆ. ಸೆಕೆಗೆ ಹೊಸ್ತಿಲು ಎಂಬುದೇ ಗೊತ್ತಿಲ್ಲ.

ನಾನು ಇಲ್ಲಿಗೆ ಬಂದ ಕಾರಣ ಹೇಳುತ್ತೇನೆ. ಮಗಳು ನಾಗರತ್ನ ಬ್ಯಾಂಕಿನ ಕೆಲಸಕ್ಕೆಂದು ಮಂಗಳೂರಿಗೆ ಬಂದವಳು, ಇಲ್ಲಿಯ ತುಳು ಮಾತಾಡುವ ಹುಡುಗ ಪ್ರವೀಣನನ್ನು ಮೆಚ್ಚಿ ಮದುವೆಯಾದಳು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ಎಂಬುದು ನಮ್ಮ ಪದ್ಧತಿ. ಆದರೆ ಡಾಕ್ಟರು ಅಷ್ಟು ದೂರದ ಪ್ರಯಾಣ ಬೇಡ ಎಂದುಬಿಟ್ಟರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಬಳಿಗೆ ಹೋಗಲಿ ಎಂದು ನಾನು ಹೊರಟೆ. ನಮ್ಮವರು ತೀರಿಕೊಂಡ ಮೇಲೆ ತಂಗಿಯ ಮನೆಯಲ್ಲಿದ್ದವಳು ನಾನು. ಕಟ್ಟಿಕೊಳ್ಳಲು ಬಹಳ ಗಂಟುಮೂಟೆ ಇರಲಿಲ್ಲ. ಕಡಕ್ ರೊಟ್ಟಿಯ ಬುಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಕೂಸಿಗೆ ಕುಂಚಿಗೆ, ಮತ್ತೆ ನನ್ನ ಕೂಲರ್. ಅದು ತೊಗರಿಬೇಳೆ ಲಾರಿಯ ಮೇಲೆ ಕೂತು ಮಂಗಳೂರಿನ ಬಂದರಿನ ಅಂಗಡಿಗಳ ತನಕ ಬಂತು. ಅಲ್ಲಿಂದ ಟೆಂಪೋದಲ್ಲಿ ಶಕ್ತಿನಗರಕ್ಕೆ.

ಮಗಳ ಮನೆಯಲ್ಲಿ ಬೀಗಿತ್ತಿ ಸರೋಜಕ್ಕ ಇದ್ದಾರೆ, ಪ್ರವೀಣನ ತಾಯಿ. ನನಗಿಂತ ಎರಡು ವರ್ಷ ಚಿಕ್ಕವರು, ನಾಲಿಗೆಯಲ್ಲಿ ಮಾತ್ರ ಹಿರಿಯರು. ಟೆಂಪೋದಿಂದ ಇಳಿದ ತಗಡಿನ ಪೆಟ್ಟಿಗೆಯನ್ನು ಒಂದು ಸುತ್ತು ಬಂದು ನೋಡಿದರು. ಮೂರು ಕಡೆ ಹುಲ್ಲಿನ ಗೋಡೆ, ನಡುವೆ ಫ್ಯಾನು, ತಳದಲ್ಲಿ ನೀರಿನ ತೊಟ್ಟಿ.

“ಇದೆಂತ ಶಾಂತಕ್ಕ, ಹಟ್ಟಿಯಾ? ಹುಲ್ಲು ಉಂಟು, ನೀರು ಉಂಟು. ದನ ಎಲ್ಲಿ?”

“ಆಕಳು ನಾನೇ ಬಂದೀನಲ್ರಿ,” ಅಂದೆ.

ಆ ಕ್ಷಣದಿಂದ ನಮಗಿಬ್ಬರಿಗೂ ಸರಿಯಾಯಿತು. ಕೂಲರ್ ಶುರು ಮಾಡಿದಾಗ ಅದರ ಸದ್ದಿಗೆ ಅವರು ಹೊರಗೆ ಬಂದು ಆಕಾಶ ನೋಡಿದರು. ಬಜ್ಪೆಗೆ ಹೋಗಬೇಕಾದ ವಿಮಾನ ನಮ್ಮ ಮನೆಯಲ್ಲೇ ಇಳಿಯಿತೋ ಎಂದು ನೋಡಿದ್ದಂತೆ.

ಕೂಸು ಏಪ್ರಿಲ್ ತಿಂಗಳಲ್ಲಿ ಹುಟ್ಟಿತು. ಹೆಣ್ಣು. ಸರೋಜಕ್ಕ ‘ಬಾಲೆ’ ಅನ್ನುತ್ತಾರೆ, ತುಳುವಿನಲ್ಲಿ ಕೂಸಿಗೆ ಹಾಗೆ. ನಾನು ನಮ್ಮ ಪದ್ಧತಿಯ ಪ್ರಕಾರ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಅಜವಾನದ ಹೊಗೆ ಕೊಟ್ಟು, ತಲೆಗೆ ಕುಂಚಿಗೆ ಕಟ್ಟಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದೆ. ನೇರ ಗಾಳಿ ಬಾಣಂತಿಗೆ ಬಡಿಯಬಾರದೆಂದು ಕೂಲರನ್ನು ನಡುಮನೆಯ ಕಿಟಕಿಗೆ ಇಟ್ಟು, ಕೋಣೆಯ ಬಾಗಿಲು ಅರ್ಧ ತೆರೆದೆ. ನೋಡಲು ಬಂದವರಿಗೆ ನಮ್ಮ ಕಡೆಯ ಹಾಗೆಯೇ ಮರ್ಯಾದೆ ಮಾಡಿದೆ. ನಿಮಗೆ ಗೊತ್ತೇ ಇದೆ, ನಮ್ಮಲ್ಲಿ ಬೇಸಿಗೆಯ ಅತಿಥಿಗೆ ಮೊದಲು ಒಂದು ತಂಬಿಗೆ ನೀರು, ಆಮೇಲೆ ಕೂಲರ್ ಮುಂದಿನ ಕುರ್ಚಿ. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದಿದ್ದ ಪ್ರವೀಣನ ಚಿಕ್ಕಮ್ಮಂದಿರನ್ನು ಆ ಕುರ್ಚಿಗಳಲ್ಲಿ ಕೂರಿಸಿ, ತೊಟ್ಟಿಗೆ ಇನ್ನೆರಡು ಕೊಡ ನೀರು ಸುರಿದೆ. ಪಾಪ, ಗಂಜಿ ಹಾಕಿದ ಸೀರೆ ಉಟ್ಟು ಬಂದಿದ್ದರು. ಸ್ವಲ್ಪ ಹೊತ್ತಿಗೆ ಸೀರೆ ಮೈಗೆ ಅಂಟಿತು, ಕೂದಲು ಹಣೆಗೆ ಅಂಟಿತು. ಸಂಕೋಚಕ್ಕೆ ಏಳಲೂ ಆಗದೆ ಕೂತಿದ್ದರು. ಕೊನೆಗೆ ಅವರಲ್ಲಿ ಹಿರಿಯವರು, ನಾವು ಹೊರಗೆ ಜಗಲಿಯಲ್ಲಿ ಕೂರುತ್ತೇವೆ, ಅಲ್ಲಿ ಸ್ವಲ್ಪ ಗಾಳಿ ಉಂಟು ಎಂದು ಮೆಲ್ಲನೆ ಎದ್ದರು.

ನಾನು ಸೋಲದೆ ಕಡಕ್ ರೊಟ್ಟಿ ತಂದಿಟ್ಟೆ. ಮುರಿದರೆ ಪಕ್ಕದ ಮನೆಗೆ ಕೇಳುತ್ತದೆ ಎಂದು ಮೊದಲೇ ಹೊಗಳಿಟ್ಟಿದ್ದೆ. ಸರೋಜಕ್ಕ ಒಂದನ್ನು ಎತ್ತಿ ಹಿಡಿದರು. ರೊಟ್ಟಿ ಅವರ ಬೆರಳುಗಳ ಎರಡೂ ಕಡೆ ಒಣಹಾಕಿದ ಟವೆಲಿನಂತೆ ಜೋತುಬಿತ್ತು.

“ಇದು ನಮ್ಮ ನೀರುದೋಸೆಯ ತಂಗಿ ಅಲ್ವಾ?” ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗಿನ ಕೋಣೆಯಲ್ಲಿ ಕೂಸು ಅಳುತ್ತಿತ್ತು.

ಅದರ ಕುತ್ತಿಗೆ, ಬೆನ್ನು, ತೊಡೆಯ ಸಂದಿ ಎಲ್ಲ ಕೆಂಪು ಗುಳ್ಳೆ ಎದ್ದಿತ್ತು, ಬೆವರುಸಾಲೆ. ಹಾಲು ಕುಡಿಯುತ್ತಾ ಕಣ್ಣು ಮುಚ್ಚುವುದು, ಮಲಗಿಸಿದ ಕೂಡಲೇ ಚೀರುವುದು. ನಾಗರತ್ನ ಕೂತಲ್ಲೇ ತೂಕಡಿಸುವಳು, ಅವಳ ಹಾಲೂ ಕಡಿಮೆಯಾಗತೊಡಗಿತು. ಸೆಕೆ ಜಾಸ್ತಿಯಾಯಿತೆಂದು ನಾನು ಕೂಲರಿಗೆ ಮಂಜುಗಡ್ಡೆ ಹಾಕಿದೆ, ನೀರು ಹೆಚ್ಚಿಸಿದೆ. ಸೇಡಂನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಗೋಡೆಯ ಕ್ಯಾಲೆಂಡರಿನ ಹಾಳೆ ಮೆತ್ತಗಾಗಿ ಬಾಗಿತು, ಕೂಸಿನ ಬಟ್ಟೆಗಳಿಂದ ಮುಗ್ಗಲು ವಾಸನೆ ಬಂತು, ಗುಳ್ಳೆ ಹೊಟ್ಟೆಗೂ ಇಳಿಯಿತು.

ಡಾಕ್ಟರ ಹತ್ತಿರ ಹೋದೆವು. ಮೈ ಒಣಗಿರಬೇಕು, ಸುತ್ತುವ ಬಟ್ಟೆ ಬೇಡ, ಈ ಊರಿಗೆ ಕೂಲರ್ ಆಗದು, ಕೋಣೆಗೆ ಎ.ಸಿ. ಹಾಕಿಸಿ ಹದವಾಗಿ ಇಟ್ಟುಕೊಳ್ಳಿ ಎಂದರು. ಎ.ಸಿ. ಎಂದ ಕೂಡಲೇ ಇಬ್ಬರು ಅಜ್ಜಿಯರೂ ಒಂದಾದೆವು, ಮೊದಲ ಸಲ. ನನಗೆ ಅದು ಮುಚ್ಚಿದ ಕೋಣೆಯ ಸತ್ತ ಗಾಳಿ. ಸರೋಜಕ್ಕನಿಗೆ ಅದು ಕೈಕಾಲು ಹಿಡಿಸುವ ರೋಗ. ಬಾಲೆಗೆ ಬಟ್ಟೆ ಬಿಚ್ಚಿ ಕಿಟಕಿ ತೆರೆದಿಟ್ಟರೆ ಸಾಕು ಎಂಬುದು ಅವರ ವಾದ. ಬಟ್ಟೆ ಬಿಚ್ಚಿದೆವು, ಕಿಟಕಿ ತೆರೆದೆವು. ಆ ದಿನಗಳಲ್ಲಿ ಮಂಗಳೂರಿನ ತೆಂಗಿನ ಗರಿ ಕೂಡ ಅಲ್ಲಾಡುತ್ತಿರಲಿಲ್ಲ. ನಾನು ಗುಟ್ಟಾಗಿ ಕೂಲರನ್ನು ಮತ್ತೆ ಹಚ್ಚಿದೆ.

ಅದರ ಸದ್ದು ಗುಟ್ಟಾಗಿರುವುದಿಲ್ಲವಲ್ಲ. ನಾಗರತ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಳು. ಈಗೀಗ ಮಂಗಳೂರು ಕನ್ನಡ ಆಡುವವಳು, ಆ ಹೊತ್ತಿಗೆ ಸೇಡಂ ಭಾಷೆಗೆ ಬಂದಿದ್ದಳು.

“ಅವ್ವಾ, ನಿನಗ ಕೂಲರ್ ಗೆಲ್ಲಬೇಕೋ, ಕೂಸು ಮಲಗಬೇಕೋ? ಒಂದು ಹೇಳು.”

ನಾನು ಸ್ವಿಚ್ ಆರಿಸಿದೆ. ಮನೆ ಒಮ್ಮೆಲೆ ಮೂಕವಾಯಿತು.

ಆದರೂ ಎ.ಸಿ.ಗೆ ಮನಸ್ಸು ಬಗ್ಗಲಿಲ್ಲ. ಬಗ್ಗಿಸಿದ್ದು ಒಂದು ರೊಟ್ಟಿ. ಪ್ರವೀಣನಿಗೆ ಬೈಕಂಪಾಡಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ನನ್ನ ಮನಸ್ಸು ನೋಯಿಸಬಾರದೆಂದು ಆ ಜೋತುಬಿದ್ದ ರೊಟ್ಟಿಯನ್ನೇ ದಿನಾ ಬುತ್ತಿಗೆ ಒಯ್ಯುತ್ತಿದ್ದ, ಒಳ್ಳೆಯ ಹುಡುಗ. ಒಂದು ಸಂಜೆ ಬಂದವನೇ ಕೈಕಾಲು ಕೂಡ ತೊಳೆಯದೆ ಕಾಗದದ ಪೊಟ್ಟಣ ಬಿಚ್ಚಿ, ನನ್ನ ಕಿವಿಯ ಹತ್ತಿರ ಏನನ್ನೋ ಮುರಿದ.

ಕಟ್.

ಊರು ಬಿಟ್ಟ ಮೇಲೆ ಆ ಸದ್ದು ಕೇಳಿರಲಿಲ್ಲ ನಾನು. ಕಣ್ಣು ತುಂಬಿತು, ನಿಜ ಹೇಳುತ್ತೇನೆ.

“ಇದು ಬೆಳಿಗ್ಗೆ ನೀವು ಕೊಟ್ಟದ್ದೇ ಅತ್ತೆ. ಒಂದು ಉಳಿದಿತ್ತು. ಎ.ಸಿ. ರೂಮಿನಲ್ಲಿ ಟೇಬಲಿನ ಮೇಲೆ ತೆರೆದಿಟ್ಟೆ, ಮತ್ತೆ ಎಂತದೂ ಮಾಡ್ಲಿಲ್ಲ. ಸಂಜೆ ನೋಡಿದ್ರೆ ಹೀಗಾಗಿತ್ತು.”

ನಾನು ಆ ಚೂರನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದೆ. ಹಲ್ಲಿಗೆ ಗೊತ್ತಾಗುವುದು ತಲೆಗೆ ಗೊತ್ತಾಗಲು ಸ್ವಲ್ಪ ಸಮಯ ಬೇಕು. ನನ್ನ ಕೂಲರ್ ಗಾಳಿಗೆ ನೀರು ಕುಡಿಸುತ್ತದೆ. ಸೇಡಂನ ಗಾಳಿ ಬಾಯಾರಿದ ಗಾಳಿ, ಕುಡಿದು ತಂಪಾಗುತ್ತದೆ. ಇಲ್ಲಿಯ ಗಾಳಿ ಮೊದಲೇ ಸಮುದ್ರ ಕುಡಿದು ಬಂದಿದೆ. ಅದರ ಬಾಯಿಗೆ ನಾನು ಮತ್ತೆ ಕೊಡ ಹಿಡಿಯುತ್ತಿದ್ದೆ. ಅದೆಲ್ಲ ಹೋಗಿ ಕೂತದ್ದು ಕೂಸಿನ ಮೈಮೇಲೆ. ಸರೋಜಕ್ಕ ಒಳಗೆ ಹೋಗಿ ಒಂದು ಡಬ್ಬಿ ತಂದರು. ಅದರಲ್ಲಿ ಅವರ ಕೋರಿ ರೊಟ್ಟಿ, ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವ ಅಕ್ಕಿಯ ಗರಿಗರಿ ಹಾಳೆ. ಬಿಗಿ ಮುಚ್ಚಳ ತೆಗೆದು ಒಂದನ್ನು ಮುರಿದರು. ಅದೂ ಕಟ್ ಎಂದಿತು.

“ಇಲ್ಲಿ ಗರಿಗರಿ ಬೇಕಾದ್ರೆ ಮುಚ್ಚಿಡಬೇಕು ಶಾಂತಕ್ಕ. ನಿಮ್ಮದು ಬುಟ್ಟಿ, ನಮ್ಮದು ಡಬ್ಬಿ.” ಆಮೇಲೆ ಡಬ್ಬಿಯ ಮುಚ್ಚಳ ಒತ್ತಿ, “ಬಾಲೆಯ ಕೋಣೆಯೂ ಹಾಗೆ ಇರ್ಬೇಕು ಅಂತ ಕಾಣ್ತದೆ. ನನ್ನ ಕೈಕಾಲು ಹಿಡಿದ್ರೆ ಹಿಡೀಲಿ, ನಾನು ಹೊರಗೆ ಮಲಗ್ತೇನೆ,” ಅಂದರು.

ಎ.ಸಿ. ಬಂತು. ನಾವಿಬ್ಬರೂ ಷರತ್ತು ಹಾಕಿದೆವು: ಕೂಸಿನ ಮೇಲೆ ಗಾಳಿ ನೇರ ಬೀಳಬಾರದು, ಕಾಲುಚೀಲ ಹಾಕಬೇಕು, ರಿಮೋಟ್ ಪ್ರವೀಣನ ಕೈಯಲ್ಲಿ ಇರಬಾರದು. ರಿಮೋಟ್ ಸರೋಜಕ್ಕನ ಸೆರಗಿನಲ್ಲಿ ಇರತೊಡಗಿತು. ಮೂರನೆಯ ದಿನಕ್ಕೆ ಗುಳ್ಳೆ ಬಾಡಿತು. ಒಂದು ಮಧ್ಯಾಹ್ನ ನಾನು ಕೋಣೆಗೆ ಇಣುಕಿದರೆ ತಾಯಿ ಮಗಳು ಇಬ್ಬರೂ ಒಂದೇ ರೀತಿ ಸೊಟ್ಟಗೆ ಬಾಯಿ ತೆರೆದು ಮಲಗಿದ್ದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಮನೆಗೆ ಬಂದವರನ್ನೆಲ್ಲ ಬೆರಳು ತುಟಿಗಿಟ್ಟು ಹೊರಗೇ ನಿಲ್ಲಿಸಿದೆ. ಅತಿಥಿ ಮರ್ಯಾದೆ ಆ ದಿನ ಇರಲಿಲ್ಲ.

ಇನ್ನೊಂದು ಬೆರಗು ಹೇಳದೆ ಮುಗಿಸಲಾರೆ. ಎ.ಸಿ.ಯ ಹಿಂದಿನಿಂದ ಒಂದು ಪೈಪು ಹೊರಗೆ ಬರುತ್ತದೆ. ಅದರ ತುದಿಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತದೆ. ನಾನು ಎಲ್ಲೋ ನಲ್ಲಿ ಸೋರುತ್ತಿದೆ ಎಂದುಕೊಂಡೆ. ಅಲ್ಲ, ಅದು ಗಾಳಿಯ ನೀರಂತೆ. ಕೋಣೆಯ ಗಾಳಿಯನ್ನು ಹಿಂಡಿ ತೆಗೆದದ್ದು. ಬಕೆಟ್ ಇಟ್ಟೆ, ಸಂಜೆಗೆ ತುಂಬಿ ಹರಿಯಿತು. ನೀವೇ ಹೇಳಿ, ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕೊಡಗಳ ಸಾಲು ಹಚ್ಚಿ ಕಾದ ನನಗೆ, ಯಾರೂ ಸೇದದೆ, ಯಾರೊಡನೆಯೂ ಜಗಳವಾಡದೆ, ಬರೀ ಗಾಳಿಯಿಂದ ಒಂದು ಬಕೆಟ್ ನೀರು! ನಾನು ಆ ಬಕೆಟಿಗೆ ಕೈಮುಗಿದೆ. ಚೆಲ್ಲಲು ಮನಸ್ಸೇ ಬರಲಿಲ್ಲ. ನೆಲ ಒರೆಸಿದೆ, ಮಲ್ಲಿಗೆ ಗಿಡಕ್ಕೆ ಹಾಕಿದೆ, ಮೆಟ್ಟಿಲು ತೊಳೆದೆ. ಇನ್ನೂ ಉಳಿಯಿತು. ನಾನು ಬಕೆಟ್ ಹಿಡಿದು ಕೆಲಸ ಹುಡುಕುತ್ತಾ ತಿರುಗುವುದನ್ನು ನೋಡಿ ಸರೋಜಕ್ಕ, ಜೂನ್ ಬರಲಿ, ಆಗ ನಿಮಗೆ ಎಷ್ಟು ಬಕೆಟ್ ಬೇಕೆಂದು ಆಕಾಶವೇ ಕೇಳುತ್ತದೆ ಎಂದರು. ಜೂನ್ ಬಂತು. ಅವರು ಹೇಳಿದ್ದು ಕಡಿಮೆಯೇ.

ಕೂಲರಿಗೆ ಮಳೆಗಾಲದ ಉಪ್ಪುಗಾಳಿಗೆ ತುಕ್ಕು ಹಿಡಿಯಿತು. ಈಗ ಅದರ ಹೊಟ್ಟೆಯಲ್ಲಿ ಸರೋಜಕ್ಕನ ತೆಂಗಿನಕಾಯಿಗಳಿವೆ.

ನಾಗರತ್ನ ಬ್ಯಾಂಕಿಗೆ ಮರಳುವ ಹೊತ್ತಿಗೆ, ಅವ್ವಾ ಇಲ್ಲೇ ಇರು ಎಂದಳು. ಹೂಂ ಅಂದೆ. ಅತ್ತ ನೀಲಮ್ಮ ಫೋನಿನಲ್ಲಿ, ಅಕ್ಕಾ ಯಾವಾಗ ಬರ್ತಿ ಎಂದಳು. ಅದಕ್ಕೂ ಹೂಂ ಅಂದೆ. ಫೋನಿನಲ್ಲಿ ಹೂಂ ಅನ್ನುವುದು ಸುಲಭ.

ಸಂಕ್ರಾಂತಿಗೆ ಕೂಸನ್ನು ತವರು ತೋರಿಸಲೆಂದು ಎಲ್ಲರೂ ಸೇಡಂಗೆ ಹೋದೆವು. ಜೋಳ ತೆನೆ ಹಿಡಿದಿತ್ತು, ಆಕಾಶ ತೊಳೆದಿಟ್ಟಂತೆ ಇತ್ತು, ನಾನು ಮೂಗಿನ ತುಂಬ ಗಾಳಿ ಎಳೆದುಕೊಂಡೆ. ಆದರೆ ಎರಡನೆಯ ದಿನ ಕೂಸು ಮಲಗಲಿಲ್ಲ. ತುಟಿ ಬಿರಿದಿತ್ತು, ಮೂಗು ಒಣಗಿ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ನೆರೆಯವರೆಲ್ಲ ಬಂದು ದೃಷ್ಟಿ ಎಂದರು, ಶೀತ ಎಂದರು. ನಾನು ಮಾತ್ರ ಅದರ ಮುಖ ನೋಡಿ ತಿಳಿದುಕೊಂಡೆ. ಸಮುದ್ರ ಕುಡಿದ ಗಾಳಿಯಲ್ಲಿ ಹುಟ್ಟಿದ ಜೀವಕ್ಕೆ ನಮ್ಮೂರಿನ ಗಾಳಿ ಬರೀ ಬಾಯಾರಿಕೆ.

ತೊಟ್ಟಿಲ ಪಕ್ಕ ಒಂದು ಹಗ್ಗ ಕಟ್ಟಿಸಿ, ನನ್ನ ಹಳೆಯ ನೂಲಿನ ಸೀರೆಯನ್ನು ನೀರಿಗೆ ಅದ್ದಿ ಹಿಂಡಿ ಹಾಕಿದೆ. ಮೂಗಿನ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದೆ. ಸೀರೆಯ ತಂಪು ತೊಟ್ಟಿಲಿಗೆ ಬಂತು. ಕೂಸು ಒಮ್ಮೆ ಆಕಳಿಸಿ, ಮುಷ್ಟಿ ಬಿಚ್ಚಿ, ನಿದ್ದೆ ಹೋಯಿತು. ನಾಗರತ್ನ ನನ್ನ ಕೈ ಹಿಡಿದುಕೊಂಡು ಗೋಡೆಗೊರಗಿ ಕೂತಳು.

ಊಟ ಮುಗಿಸಿ ಬಂದು ಸೀರೆ ಮುಟ್ಟಿ ನೋಡಿದೆ. ಒಣಗಿಬಿಟ್ಟಿತ್ತು, ಅಂಚಿನ ಸಮೇತ. ನನಗೆ ನಂಬಲಾಗಲಿಲ್ಲ. ಬಿಸಿಲಿಲ್ಲ, ಫ್ಯಾನಿಲ್ಲ, ಮನೆಯೊಳಗೆ ಇಷ್ಟು ಬೇಗ ಹೇಗೆ ಒಣಗಿತು ಎಂದು ನೀಲಮ್ಮನನ್ನು ಕೇಳಿದೆ.

ಅವಳು ತಟ್ಟೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

“ಏನ್ ಕೇಳ್ತಿ ಅಕ್ಕಾ? ನೀ ಯಾವೂರಾಕಿ?”

ಕೂಸು ಮಗ್ಗುಲು ಬದಲಿಸಿತು. ನಾನು ಸೀರೆ ತೆಗೆದು ಮತ್ತೆ ನೀರಿಗೆ ಅದ್ದಿದೆ.