ಒಣ ರಟ್ಟು ಕೊಟ್ಟೇ ಮನೆಗೆ ಹೋಗುವ ಮೆಕ್ಯಾನಿಕ್

ಬೆಳಗಿನ ಆರು ಗಂಟೆ. ಸಸಿಗಳ ನರ್ಸರಿಯ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್ ನಿಂತಿದೆ. ಅದರ ಹಿಂದೆ ಐವತ್ತೆಂಟು ವರ್ಷದ ಒಬ್ಬರು ಮೊಣಕಾಲೂರಿ ಕೂತಿದ್ದಾರೆ. ಎಡಗೈಯಲ್ಲಿ ಸ್ಪ್ಯಾನರ್ ಇಲ್ಲ, ಬಿಸ್ಕತ್ತಿನ ಪೆಟ್ಟಿಗೆಯಿಂದ ಕತ್ತರಿಸಿದ ರಟ್ಟಿನ ತುಂಡಿದೆ. ಬಲಗೈಯ ಹಿಂಬದಿಯನ್ನು ಇಂಜಿನ್ನಿನ ಹತ್ತಿರ ಹಿಡಿದವರು ಹಾಗೇ ತಿರುಗಿ ನೋಡುತ್ತಾರೆ.

"ಅಕ್ಕಾ, ಇಂಜಿನ್ ಬಿಸಿ ಇದೆ. ಯಾರು ಸ್ಟಾರ್ಟ್ ಮಾಡಿದ್ದು?"

"ನಾನೇ ಅಣ್ಣಾ," ಎನ್ನುತ್ತಾರೆ ನರ್ಸರಿಯ ಒಡತಿ. "ನೀವು ಬರೋದ್ರೊಳಗೆ ಎಲ್ಲಿ ಸೋರ್ತಿದೆ ಅಂತ ಹುಡುಕಿಟ್ಟಿರೋಣ ಅಂತ ಐದು ಗಂಟೆಗೇ ಎದ್ದೆ."

"ಹೇಗೆ ಹುಡುಕಿದ್ರಿ?"

"ಹೇಗೆ ಅಂದ್ರೆ? ಬೆಳಕಿರಲಿಲ್ಲವಲ್ಲ, ಪೈಪಿನ ಮೇಲೆ ಹಾಗೇ ಕೈಯಾಡಿಸಿದೆ."

ಟ್ರ್ಯಾಕ್ಟರಿನ ಹಿಂದೆ ಕೂತವರ ಮುಖ ಒಮ್ಮೆಲೇ ಬಿಳಿಚಿಕೊಳ್ಳುತ್ತದೆ.

ಇವರನ್ನು ಎಲ್ಲರೂ ಕರೆಯುವುದು ರಟ್ಟಣ್ಣ ಎಂದೇ. ಇಪ್ಪತ್ತಾರು ವರ್ಷದಿಂದ ಟ್ರ್ಯಾಕ್ಟರ್ ಇರುವ ಮನೆ ಬಾಗಿಲಿಗೇ ಹೋಗಿ ಹೈಡ್ರಾಲಿಕ್ ಕನೆಕ್ಷನ್ ಕೂರಿಸುವುದು ಇವರ ಕಸುಬು. ಪುಟ್ಟ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಸಲಕರಣೆಯನ್ನು ಎತ್ತಿ ಇಳಿಸುವ ಏರ್ಪಾಡೇನೋ ಇರುತ್ತದೆ. ಆದರೆ ತಾನೇ ಮಣ್ಣು ಸುರಿಯುವ ಟ್ರಾಲಿಯನ್ನು ಕಟ್ಟಬೇಕೆಂದರೆ ಹಿಂಬದಿಗೆ ಒತ್ತಡದ ಎಣ್ಣೆ ಬೇಕು. ಅದಕ್ಕೊಂದು ವಾಲ್ವು, ಎರಡು ಪೈಪು, ಟ್ರಾಲಿಯ ಪೈಪನ್ನು ಸಿಕ್ಕಿಸಲು ಎರಡು ಕಪ್ಲಿಂಗ್ ಕೂರಿಸಬೇಕು. ನರ್ಸರಿ ಅಕ್ಕ ಕಿಟ್ ತರಿಸಿ, ಜೊತೆಗೆ ಬಂದ ಪುಸ್ತಕ ಓದಿಕೊಂಡು, ಎರಡು ದಿನ ಕೂತು ಎಲ್ಲವನ್ನೂ ತಾವೇ ಕೂರಿಸಿದ್ದಾರೆ. ಕೆಲಸ ಅಚ್ಚುಕಟ್ಟಾಗಿಯೇ ಇದೆ. ಒಂದು ಪೈಪು ಮಾತ್ರ ಗೇಣುದ್ದ ಕಡಿಮೆ ಬಿತ್ತು. ಅದರ ಬದಲು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರದ ಪೈಪನ್ನು ಹಾಕಿದ್ದಾರೆ. ಸೋರುತ್ತಿರುವುದು ಅದೇ.

"ಕೈ ತೋರಿಸಿ ಅಕ್ಕಾ."

ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಚುಕ್ಕೆ. ಸಾಸಿವೆ ಕಾಳಿನಷ್ಟೂ ಇಲ್ಲ. ರಕ್ತವೂ ಬಂದಿಲ್ಲ.

"ಇರುವೆ ಕಚ್ಚಿದ ಹಾಗಾಯ್ತು ಅಷ್ಟೇ. ನೋವೇ ಇಲ್ಲ ಅಣ್ಣಾ."

"ಅದೇ ಭಯ. ನನಗೂ ನೋವಿರಲಿಲ್ಲ," ಎಂದು ರಟ್ಟಣ್ಣ ತಮ್ಮ ಬಲಗೈಯನ್ನು ಎತ್ತಿ ಹಿಡಿಯುತ್ತಾರೆ. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಇಲ್ಲ.

ನಾನು ಬಂದಿದ್ದು ಪತ್ರಿಕೆಗೆ ರಟ್ಟಣ್ಣನವರ ಬಗ್ಗೆ ಒಂದು ಹಿತವಾದ ಲೇಖನ ಬರೆಯಲು. ಹಿಂದಿನ ದಿನ ಫೋನಿನಲ್ಲಿ, ಪೈಪ್ ಹಿಡಿದು ನಿಂತ ಫೋಟೊ ಬೇಕು ಎಂದಿದ್ದೆ. "ಅದೊಂದು ಆಗಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಫೋನಿಟ್ಟಿದ್ದರು. ಆಸಾಮಿಗೆ ಸ್ವಲ್ಪ ಜಂಬ ಎಂದುಕೊಂಡಿದ್ದೆ. ಈಗ ಆ ಕೈ ನೋಡಿ ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ.

ಪೈಪಿನೊಳಗಿನ ಎಣ್ಣೆಯ ಒತ್ತಡ ಕಾರಿನ ಟೈರಿನ ಗಾಳಿಗಿಂತ ಎಪ್ಪತ್ತು ಪಟ್ಟು ಹೆಚ್ಚು. ಕಣ್ಣಿಗೆ ಕಾಣದ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೊಕ್ಕು, ಬೆರಳಿನ ಉದ್ದಕ್ಕೂ ಹರಿದು, ಒಳಗಿನಿಂದಲೇ ಕೊಳೆಸುತ್ತದೆ. ಆದ್ದರಿಂದಲೇ ಆ ರಟ್ಟು. ಪೈಪಿನ ಪಕ್ಕ ಅದನ್ನು ಹಿಡಿದು ಸಾಗಿಸಿದರೆ, ಸೋರುವಲ್ಲಿ ಎಣ್ಣೆಯ ಕಲೆ ಬೀಳುತ್ತದೆ. ಇದನ್ನು ರಟ್ಟಣ್ಣ ಎರಡೇ ಮಾತಿನಲ್ಲಿ ಹೇಳಿ ಮುಗಿಸಿ, "ಆಸ್ಪತ್ರೆಗೆ ಹೊರಡಿ" ಎನ್ನುತ್ತಾರೆ. ಅಕ್ಕ ಜಗ್ಗುವುದಿಲ್ಲ.

"ಹತ್ತು ಗಂಟೆಗೆ ಮಣ್ಣಿನ ಲಾರಿ ಬರುತ್ತೆ. ಇನ್ನೂರು ಗಿಡ ಕಸಿ ಕಟ್ಟೋದಿದೆ. ಸಂಜೆ ಹೋಗ್ತೀನಿ ಬಿಡಿ."

"ಸಂಜೆ ಹೋದ್ರೆ ಡಾಕ್ಟರು ಗಾಯ ನೋಡಲ್ಲ ಅಕ್ಕಾ, ಎಲ್ಲಿಂದ ಕತ್ತರಿಸೋದು ಅಂತ ನೋಡ್ತಾರೆ. ಆಮೇಲೆ ಕಸಿ ಕಟ್ಟೋದು ಯಾವ ಬೆರಳಲ್ಲಿ?"

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅಕ್ಕನ ಅತ್ತೆ ಗದರುತ್ತಾರೆ. "ಬಾಯ್ತುಂಬ ಅಣ್ಣಾ ಅಂತೀಯ, ಅವರ ಮಾತು ಮಾತ್ರ ಕೇಳಲ್ಲ. ಮೊದಲು ಹೊರಡು. ಲಾರಿಯವನು ಮಣ್ಣು ಸುರಿದು ಹೋಗ್ಲಿ, ಮಣ್ಣೇನು ಹಳಸಿ ಹೋಗುತ್ತಾ?"

ನನ್ನ ಕಾರಿನಲ್ಲೇ ಹೊರಡುತ್ತೇವೆ. ಆರೂ ಹದಿನೈದು. ಹಿಂದಿನ ಸೀಟಿನಲ್ಲಿ ಅಕ್ಕ, ಅವರ ಪಕ್ಕದಲ್ಲಿ ರಟ್ಟಣ್ಣ. "ಉಂಗುರ ತೆಗೀರಿ. ಕೈ ಮೇಲೆತ್ತಿ ಇಟ್ಕೊಳ್ಳಿ. ಒತ್ತಬೇಡಿ. ನೀರೂ ಕುಡೀಬೇಡಿ, ಆಪರೇಷನ್ ಆಗಬಹುದು." ಅಕ್ಕ ಉಂಗುರ ಕಳಚಿ ಕೈ ಮೇಲೆತ್ತುತ್ತಾರೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ರೈಲ್ವೆ ಗೇಟು ಹಾಕಿದೆ. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣುವುದಿಲ್ಲ.

"ಅಣ್ಣಾ, ಬೆರಳು ಬಿಗೀತಾ ಇದೆ," ಎನ್ನುತ್ತಾರೆ ಅಕ್ಕ.

"ಇನ್ನೂ ಹೊತ್ತಿದೆ ಅಕ್ಕಾ. ಐದು ಗಂಟೆಗೆ ತಾನೆ ತಗುಲಿದ್ದು? ಹೊತ್ತಿದೆ." ಹಾಗೆನ್ನುವಾಗ ಅವರ ಕಣ್ಣು ಮಾತ್ರ ಕಾರಿನ ಗಡಿಯಾರದ ಮೇಲೆಯೇ ಇದೆ.

ಆಸ್ಪತ್ರೆ ಮುಟ್ಟಿದಾಗ ಏಳು ದಾಟಿದೆ. ಡ್ಯೂಟಿಯಲ್ಲಿರುವ ಎಳೆಯ ಡಾಕ್ಟರು ಬೆರಳು ನೋಡಿ, "ಸೂಜಿ ಚುಚ್ಚಿದಷ್ಟೇ ಇದೆಯಲ್ಲ. ಒಂದು ಟಿ.ಟಿ. ಕೊಡ್ತೀವಿ, ಊತ ಜಾಸ್ತಿಯಾದ್ರೆ ನಾಳೆ ಬನ್ನಿ," ಎನ್ನುತ್ತಾರೆ. ಅವರದೂ ತಪ್ಪಲ್ಲ; ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ರಟ್ಟಣ್ಣ ಮೂರು ಬೆರಳಿನ ಕೈಯನ್ನು ಡಾಕ್ಟರ ಮೇಜಿನ ಮೇಲೆ ಇಡುತ್ತಾರೆ.

"ಡಾಕ್ಟ್ರೇ, ಹತ್ತೊಂಬತ್ತು ವರ್ಷದ ಹಿಂದೆ ನನಗೂ ಟಿ.ಟಿ. ಕೊಟ್ಟೇ ಕಳಿಸಿದ್ರು. ನಾನೂ ಸಂತೋಷವಾಗಿ ಮನೆಗೆ ಹೋದೆ."

ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯೊಳಗಿನ ಒಂದು ಕಾಗದ ಹೊರಬರುತ್ತದೆ. ಅಂದು ಇವರ ಬೆರಳು ತೆಗೆದ ಸರ್ಜನ್ ಬರೆದುಕೊಟ್ಟದ್ದು. ಒಳಗೆ ಹೋಗಿರುವುದು ಯಾವ ಎಣ್ಣೆ, ಒತ್ತಡ ಎಷ್ಟು, ಎಷ್ಟು ಗಂಟೆಯೊಳಗೆ ಬಿಚ್ಚಿ ತೊಳೆಯಬೇಕು, ಎಲ್ಲವೂ ಅದರಲ್ಲಿದೆ. ಅದನ್ನು ಜೇಬಿನಲ್ಲಿಟ್ಟುಕೊಳ್ಳದೆ ಇವರು ಮನೆಯ ಹೊಸ್ತಿಲು ದಾಟುವುದಿಲ್ಲ. ಎಳೆಯ ಡಾಕ್ಟರು ಒಮ್ಮೆ ಓದುತ್ತಾರೆ, ಮತ್ತೊಮ್ಮೆ ಓದುತ್ತಾರೆ, ಫೋನ್ ಎತ್ತುತ್ತಾರೆ. ಎಂಟು ಗಂಟೆಗೆ ಅಕ್ಕನನ್ನು ಒಳಗೆ ಕರೆದೊಯ್ಯುತ್ತಾರೆ.

ಹೊರಗಿನ ಬೆಂಚಿನ ಮೇಲೆ ನಾನು ಕೂರುತ್ತೇನೆ. ರಟ್ಟಣ್ಣ ಕೂರುವುದಿಲ್ಲ. ಸುದ್ದಿ ತಿಳಿದು ಅವರ ಹೆಂಡತಿ ಬರುತ್ತಾರೆ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವವರು ಈಗ ಅವರೇ.

"ಬೆರಳು ಹೋದ ಮೇಲೆ ಎಡಗೈಯಲ್ಲಿ ಷರ್ಟಿನ ಗುಂಡಿ ಹಾಕ್ಕೊಳ್ಳೋಕೆ ಮೂರು ತಿಂಗಳು ಬೇಕಾಯ್ತು ಇವರಿಗೆ. ನಾನು ಹಾಕೋಕೆ ಹೋದ್ರೆ ಕೈ ತಳ್ಳಿಬಿಡೋರು. ಗುಂಡಿ ಹಾಕೋಕೆ ಬಂದ ದಿನವೇ ಸ್ಪ್ಯಾನರ್ ಹಿಡಿದ್ರು. ರಟ್ಟು ಕತ್ತರಿಸಿ ಕೊಡೋಳು ನಾನೇ. ಮನೆಗೆ ಹೊಸ ಮಿಕ್ಸಿ ಬಂದ್ರೆ ನಾನು ಮಿಕ್ಸಿ ನೋಡ್ತೀನಿ, ಇವರು ಪೆಟ್ಟಿಗೆ ನೋಡ್ತಾರೆ."

ಇದುವರೆಗೆ ಸಾವಿರದ ನಾನೂರಕ್ಕೂ ಹೆಚ್ಚು ಟ್ರ್ಯಾಕ್ಟರುಗಳಿಗೆ ರಟ್ಟಣ್ಣ ಕನೆಕ್ಷನ್ ಕೂರಿಸಿದ್ದಾರೆ. ವಾರಕ್ಕೆ ಒಂದು, ಬಹಳವೆಂದರೆ ಎರಡು. ಯಾವುದೇ ಪೈಪನ್ನು ಮುಟ್ಟುವ ಮೊದಲು ಟ್ರಾಲಿಯನ್ನು ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಒಳಗೆ ಉಳಿದ ಒತ್ತಡ ಹೋಗಲೆಂದು ಲಿವರನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾರೆ. ಕೆಲಸ ಮುಗಿದ ಮೇಲೆ ಟ್ರಾಲಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸಿ, ಒಂದು ಹೊಸ ರಟ್ಟನ್ನು ಪ್ರತಿ ಸಲವೂ ಪೈಪಿನ ಪಕ್ಕ ಸಾಗಿಸುತ್ತಾರೆ. ರಟ್ಟು ಒಣಗಿಯೇ ಇದ್ದರೆ ಅದರ ಮೇಲೆ ತಾರೀಕು ಬರೆದು ಶೆಡ್ಡಿನ ಮೊಳೆಗೆ ಸಿಕ್ಕಿಸಿ ಮನೆಗೆ ಹೊರಡುತ್ತಾರೆ. ಚುಕ್ಕೆ ಬಿದ್ದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ. "ಇವನಿಗೆ ರಟ್ಟಿನ ಹುಚ್ಚು" ಎಂದು ಆಡಿಕೊಳ್ಳುವವರಿಗೆ ಕಡಿಮೆಯಿಲ್ಲ.

ಹತ್ತೂ ಮುಕ್ಕಾಲಿಗೆ ಸರ್ಜನ್ ಹೊರಬರುತ್ತಾರೆ. ಎಣ್ಣೆ ಬೆರಳನ್ನು ದಾಟಿ ಅಂಗೈಯ ಅಂಚಿನವರೆಗೆ ಹೋಗಿತ್ತು. ಉದ್ದಕ್ಕೂ ಬಿಚ್ಚಿ ತೊಳೆದಿದ್ದಾರೆ. ಗಾಯವನ್ನು ಹೊಲಿದಿಲ್ಲ, ನಾಡಿದ್ದು ಮತ್ತೆ ತೊಳೆಯಬೇಕು. ಬೆರಳು ಉಳಿಯುತ್ತದೆಯೇ ಎಂದು ಕೇಳಿದರೆ, "ಮೂರು ದಿನ ಏನೂ ಹೇಳೋಕಾಗಲ್ಲ," ಎನ್ನುತ್ತಾರೆ. ಆಗ ರಟ್ಟಣ್ಣ ಬೆಂಚಿನ ಮೇಲೆ ಕೂತು, ಎಡಗೈಯಿಂದ ಬಲಗೈಯನ್ನು ಮುಚ್ಚಿಕೊಳ್ಳುತ್ತಾರೆ. ಹೆಂಡತಿ ಪಕ್ಕದಲ್ಲಿ ಕೂರುತ್ತಾರೆ.

ಏಳು ವಾರಗಳ ನಂತರ ಅದೇ ಶೆಡ್ಡಿಗೆ ನಾವು ಮತ್ತೆ ಬಂದಿದ್ದೇವೆ. ಹಳೆಯ ಪೈಪು ಕಸಕ್ಕೆ ಹೋಗಿದೆ, ಅಳತೆಗೆ ಸರಿಯಾದ ಹೊಸ ಪೈಪು ಬಂದಿದೆ. ರಟ್ಟಣ್ಣ ಅದನ್ನು ಕೂರಿಸಿ, ಟ್ರಾಲಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸುತ್ತಾರೆ. ಹದಿನೇಳನೆಯ ಸಲ ರಟ್ಟಿನ ಮೇಲೆ ಏನೋ ಕಪ್ಪು ಕಂಡು ನಾನು 'ಅಯ್ಯೋ' ಎನ್ನುತ್ತೇನೆ. ಅದು ಬಿಸ್ಕತ್ತಿನ ಹೆಸರಿನ ಒಂದು ಅಕ್ಷರ. ಅತ್ತೆ ಮನಸಾರೆ ನಗುತ್ತಾರೆ. ಲೇಖನದ ಜೊತೆಗಿರುವ ಫೋಟೊ ಆ ರಟ್ಟಿನದೇ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ರಟ್ಟಣ್ಣ ಕಿಟ್ ಬಂದ ಖಾಲಿ ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ತಳ್ಳುತ್ತಾರೆ.

"ನೋಡಿ, ಇದೂ ರಟ್ಟೇ. ಇದರ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕ್ಲಿ: 'ಸೋರಿದ್ರೆ ಕೈಯಾಡಿಸಬೇಡಿ, ನನ್ನನ್ನ ಕತ್ತರಿಸಿ ಹಿಡೀರಿ.' ಅಷ್ಟು ಮಾಡಿದ್ರೆ ಸಾಕು. ನನ್ನನ್ನ ಯಾರೂ ಕರೀದಿದ್ರೂ ಬೇಜಾರಿಲ್ಲ."

ಮಾತು ಮುಗಿದರೂ ಅವರು ಪೆನ್ನು ಹಿಡಿದು ಸುಮ್ಮನೆ ನಿಂತಿದ್ದಾರೆ. ಎದುರಿನ ಬೆಂಚಿನಲ್ಲಿ ಅಕ್ಕ ಕಸಿ ಕಟ್ಟುತ್ತಿದ್ದಾರೆ. ತೋರುಬೆರಳಿನ ಉದ್ದಕ್ಕೂ ಗಾಯದ ಗುರುತಿದೆ, ಬೆರಳು ಪೂರ್ತಿ ಮಡಚುವುದಿಲ್ಲ. ಕಸಿಗೆ ಸುತ್ತುವ ಪಟ್ಟಿ ಒಮ್ಮೆ ಜಾರುತ್ತದೆ. ಎರಡನೆಯ ಸಲ ಗಂಟು ಬಿಗಿಯಾಗಿ ಕೂರುತ್ತದೆ.

"ಏನಣ್ಣಾ, ತಾರೀಕು ಬರೆಯೋದು ಬಿಟ್ಟು ಇಲ್ಲೇನು ನೋಡ್ತಾ ನಿಂತಿದ್ದೀರಿ?"

"ಏನಿಲ್ಲ ಅಕ್ಕಾ, ಎಣಿಸ್ತಾ ಇದ್ದೆ," ಎನ್ನುತ್ತಾರೆ ರಟ್ಟಣ್ಣ. "ಐದೂ ಇವೆ."