ಹೊಂಗೆಮರದ ಕುಡಿಕೆ

ಅಮ್ಮನ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋಗುವ ಪ್ರಯಾಣವನ್ನು ನಾನು ಮೂರು ತಿಂಗಳು ಕೂತು ಜೋಡಿಸಿದ್ದೆ. ನನ್ನ ಮದುವೆಗೂ ಯಾರೂ ಅಷ್ಟು ಯೋಚನೆ ಮಾಡಿರಲಿಲ್ಲ. ಆ ಮೂರು ತಿಂಗಳೂ ನನ್ನ ಮನೆಯವರೆಲ್ಲ ಸೇರಿ ನನ್ನ ಕಿವಿಗೆ ಹೂವಿಟ್ಟಿದ್ದರು ಅನ್ನುವುದು ಹೊರಡಲು ಎರಡು ದಿನವಿರುವಾಗ ಗೊತ್ತಾಯಿತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈ ಉರಿಯುತ್ತದೆ. ತಣ್ಣಗಾದ ಮೇಲೆ ಬರೆಯೋಣ ಅಂತ ಕಾದೆ. ಅದು ತಣ್ಣಗಾಗುವ ಹಾಗೆ ಕಾಣುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಮಾಲೂರಿನಲ್ಲಿದ್ದೆವು. ನನ್ನ ಗಂಡ ಅಲ್ಲಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ನನ್ನ ತವರು ಶ್ರೀನಿವಾಸಪುರ. ಅಪ್ಪನಿಗೆ ಮಾವಿನ ಮಂಡಿಯಲ್ಲಿ ಕೆಲಸ, ಅಣ್ಣ ಕೋಲಾರದಲ್ಲಿ ಸರ್ಕಾರಿ ನೌಕರ. ಮಾವಿನ ಕಾಲ ಜೋರಾಗಿದ್ದ ಒಂದು ದಿನ ಅಮ್ಮ ಕೊಡಪಾನ ಇಳಿಸಿ, ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಮಾಲೂರಿಗೆ ಟೆಲಿಗ್ರಾಂ ಬಂತು. ನನ್ನ ಒಂದೂವರೆ ವರ್ಷದ ಮಗಳಿಗೆ ಆಗ ಮೈತುಂಬ ದಡಾರ. ಮಗುವಿಗೆ ಬೇವಿನ ನೀರು ಹಾಕುವವರೆಗೂ ತಾಯಿ ಹೊಸಿಲು ದಾಟಬಾರದು, ಅದರಲ್ಲೂ ಸಾವಿನ ಮನೆಗಂತೂ ಕೂಡದು ಎಂದು ಅತ್ತೆ ಬಾಗಿಲಿಗೆ ಅಡ್ಡ ಕೂತರು. ಕೆಂಡದ ಹಾಗೆ ಸುಡುತ್ತಿದ್ದ ಮಗುವನ್ನು ಬಿಟ್ಟು ಓಡಲು ನನಗೂ ಧೈರ್ಯ ಬರಲಿಲ್ಲ. ಅಮ್ಮನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಅಪ್ಪನ ಕಾಗದ ಬಂತು. 'ಅಳಬೇಡ. ನೀನು ಬರುವವರೆಗೂ ಅಸ್ಥಿ ಇಟ್ಟಿರುತ್ತೇವೆ. ನೀನೂ ಇದ್ದು ಬಿಡುವೆಯಂತೆ' ಎಂದು ಬರೆದಿದ್ದರು. ಆ ಕಾಗದವನ್ನು ಹಿಡಿದುಕೊಂಡೇ ನಾನು ಉಳಿದ ದಿನಗಳನ್ನು ದಾಟಿದ್ದು.

ಹನ್ನೊಂದನೆಯ ದಿನ ತವರಿಗೆ ಹೋದೆ. ಅಪ್ಪ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೊಂಗೆಮರ ತೋರಿಸಿದರು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ, ನೆಲಕ್ಕೂ ತಾಗಿಸುವಂತಿಲ್ಲ. ಕುಡಿಕೆಗೆ ತುಂಬಿ, ಬಿಳಿ ಬಟ್ಟೆ ಕಟ್ಟಿ, ಮರಕ್ಕೆ ತೂಗುಹಾಕುವುದು ನಮ್ಮಲ್ಲಿಯ ಪದ್ಧತಿ. ಕೊಂಬೆಯಲ್ಲಿ ಮಣ್ಣಿನ ಕುಡಿಕೆ ತೂಗುತ್ತಿತ್ತು. ನಾನು ಅದರ ಕೆಳಗೆ ಕೂತು ಹೊಟ್ಟೆತುಂಬ ಅತ್ತೆ. ಕಂಕುಳಲ್ಲಿದ್ದ ಮಗಳಿಗೆ, 'ಅಜ್ಜಿ ನೋಡು, ಅಜ್ಜಿ' ಎಂದೆ. ಅವಳು ಬೆರಳು ತೋರಿಸಿ 'ಅಜ್ಜಿ' ಅಂದಳು. ಅಪ್ಪ ತಟ್ಟನೆ ಒಳಗೆ ಹೋದರು. ದುಃಖ ತಡೆಯಲಾಗದೆ ಹೋದರು ಎಂದುಕೊಂಡೆ.

ಆಮೇಲೆ ಶುರುವಾಯಿತು ನನ್ನ ಯೋಜನೆ. ಅಸ್ಥಿ ಒಯ್ಯುವವರು ದಾರಿಯಲ್ಲಿ ಯಾರ ಮನೆಗೂ ಹೋಗುವಂತಿಲ್ಲ. ಅಂದರೆ ಬೆಂಗಳೂರಿನಲ್ಲಿದ್ದ ನಾದಿನಿಯ ಮನೆ ನಮಗೆ ಇದ್ದೂ ಇಲ್ಲದ ಹಾಗೆ. ಮಗುವಿನ ಊಟ, ನಿದ್ದೆ, ಉಳಿದದ್ದೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಆಗಬೇಕು. ಕುಡಿಕೆ ಕೆಳಗಿಡುವಂತಿಲ್ಲವಾದ್ದರಿಂದ ಒಬ್ಬರ ಕೈ ಇಡೀ ದಾರಿ ಅದಕ್ಕೇ ಮೀಸಲು. ಮಗಳೋ, ಕೆಳಗೆ ಬಿಟ್ಟರೆ ಓಟ, ಎತ್ತಿಕೊಂಡರೆ ಕೈಗೆ ಸಿಕ್ಕಿದ್ದನ್ನು ಎಳೆದು ಬಿಸಾಡುವುದು. ಕೊನೆಗೆ ಅಪ್ಪ ಕುಡಿಕೆ, ನಾನು ಮಗು, ಗಂಡ ಚೀಲ ಅಂತ ಹಂಚಿದೆ. ರಾಗಿ ಸರಿ ಪುಡಿ ಒಂದು ಡಬ್ಬದಲ್ಲಿ, ಬಿಸಿನೀರು ಫ್ಲಾಸ್ಕಿನಲ್ಲಿ, ಹಳೆಯ ಪಂಚೆ ಹರಿದು ಹೊಲಿದ ಹನ್ನೆರಡು ಚೌಕ ಬಟ್ಟೆ. ನನ್ನ ಗಂಡ ಪಕ್ಕದಲ್ಲೇ ಕೂತು ಶ್ರೀನಿವಾಸಪುರದಿಂದ ಕೋಲಾರ, ಕೋಲಾರದಿಂದ ಬೆಂಗಳೂರು, ಅಲ್ಲಿಂದ ಮೈಸೂರು ರೈಲು ಅಂತ ವೇಳೆಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು. 'ಈ ರೈಲು ಬೇಡ ಕಣೇ, ರಶ್ಶು. ಮಗೂಗೆ ಕಷ್ಟ' ಎಂದು ಒಂದನ್ನು ಹೊಡೆದು ಇನ್ನೊಂದನ್ನು ಬರೆದಿದ್ದರು ಕೂಡ.

ಆದರೆ ಹೊರಡುವ ದಿನ ಮಾತ್ರ ಗೊತ್ತಾಗುತ್ತಿರಲಿಲ್ಲ. ಮೊದಲು ಅಪ್ಪನಿಗೆ ಮಂಡಿಯಲ್ಲಿ ಬಿಡುವಿಲ್ಲ. ಆಮೇಲೆ ಆಷಾಢ, ಹೊಳೆ ತುಂಬಿ ಹರಿಯುತ್ತಿದೆ, ಮಗು ಬೇರೆ ಜೊತೆಗೆ. ಶ್ರಾವಣದಲ್ಲಿ ಅಪ್ಪನಿಗೆ ಮಂಡಿನೋವು. ಅಣ್ಣನನ್ನು ಕೇಳಿದರೆ, 'ನಂಗೆ ರಜಾ ಇಲ್ಲ. ನೀವು ಹೋಗ್ಬನ್ನಿ' ಎಂದು ಮುಖ ತಿರುಗಿಸಿದ. ಹೆತ್ತ ತಾಯಿಯ ಅಸ್ಥಿಗೆ ಬರದಷ್ಟು ಕಲ್ಲಾದನಲ್ಲ ಎಂದು ಅವನ ಮೇಲೆ ಸಿಟ್ಟು ಮಾಡಿಕೊಂಡೆ. ಎಲ್ಲರೂ ಒಂದೊಂದು ನೆಪ ಹೇಳುತ್ತಿದ್ದರೂ ನನಗೆ ಅನುಮಾನ ಬರಲಿಲ್ಲ. ನಂಬುವವರ ಹತ್ತಿರ ಸುಳ್ಳು ಹೇಳುವುದು ಎಷ್ಟು ಸುಲಭ! ತವರಿಗೆ ಹೋದಾಗಲೆಲ್ಲ ಮೊದಲು ಹಿತ್ತಲಿಗೆ ಹೋಗಿ ಕುಡಿಕೆಗೆ ಕೈಮುಗಿಯುತ್ತಿದ್ದೆ. 'ಇನ್ನೊಂದು ಸ್ವಲ್ಪ ದಿನ ಅಮ್ಮ' ಎಂದು ಅದರ ಹತ್ತಿರ ಕ್ಷಮೆ ಕೇಳುತ್ತಿದ್ದೆ. ಅಪ್ಪನೂ ಬೆಳಿಗ್ಗೆ ಸ್ನಾನ ಮಾಡಿ ಬಂದು ಅಲ್ಲಿ ನಿಂತು ಕೈ ಮುಗಿಯುತ್ತಿದ್ದರು.

ಭಾದ್ರಪದ ಬಂತು. ಮಹಾಲಯ ಅಮಾವಾಸ್ಯೆಗೆ ಮೊದಲು ಬಿಡಲೇಬೇಕು ಎಂದು ಹಟ ಹಿಡಿದೆ. ಭಾನುವಾರ ಹೊರಡುವುದು, ಸೋಮವಾರಕ್ಕೆ ಗಂಡ ರಜೆ ಹಾಕುವುದು ಎಂದು ನಿಶ್ಚಯವಾಯಿತು. ಬುಧವಾರವೇ ಮಗಳೊಂದಿಗೆ ಶ್ರೀನಿವಾಸಪುರಕ್ಕೆ ಬಂದೆ.

ಒಂದು ಹೆದರಿಕೆ ಮಾತ್ರ ಉಳಿದಿತ್ತು. ಮಣ್ಣಿನ ಕುಡಿಕೆ, ಬಸ್ಸಿನ ನೂಕಾಟದಲ್ಲಿ ಮಗಳು ಕೈ ಹಾಕಿ ಎಳೆದರೆ ಅಮ್ಮ ರಸ್ತೆಪಾಲು. ಅದಕ್ಕೆ ತಿರುಪಿನ ಮುಚ್ಚಳವಿದ್ದ ಹಿತ್ತಾಳೆಯ ಚೊಂಬೊಂದನ್ನು ಮಾಲೂರಿನಿಂದ ತಂದಿದ್ದೆ. ಅಸ್ಥಿಯನ್ನು ಇದಕ್ಕೆ ಹಾಕಿಕೊಂಡರೆ ನಿಶ್ಚಿಂತೆ ಎಂದಾಗ ಅಪ್ಪ ಗಾಬರಿಯಾದರು. 'ಹೆಂಗಸ್ರು ಅದನ್ನ ಮುಟ್ಬಾರ್ದಮ್ಮಾ. ನಾನೇ ನೋಡ್ಕೋತೀನಿ' ಎಂದರು. ಅವರು ನೋಡಿಕೊಳ್ಳಲಿಲ್ಲ. ಶುಕ್ರವಾರ ಅವರು ಮಂಡಿಗೆ ಹೋದ ಮೇಲೆ ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಹೋಗಿ ಕುಡಿಕೆ ಇಳಿಸಿದೆ. ತಪ್ಪಾದರೆ ನನ್ನ ಅಮ್ಮ ತಾನೇ, ಕ್ಷಮಿಸುತ್ತಾಳೆ ಎಂದುಕೊಂಡೆ.

ಬಟ್ಟೆ ಬಿಚ್ಚಿ, ಹಗುರವಾಗಿ ಬಗ್ಗಿಸಿದೆ. ಚೊಂಬಿನ ತಳಕ್ಕೆ ಏನೋ ಟಣ್ ಎಂದು ಬಿತ್ತು. ಮೂಳೆಯ ಚೂರಿರಬೇಕು ಎಂದು ಕಣ್ಣು ಮುಚ್ಚಿಕೊಂಡೆ. ಮತ್ತೆ ಟಣ್. ಕಣ್ಣು ಬಿಟ್ಟು ನೋಡಿದರೆ ಮೊಳೆ. ಸುಟ್ಟು ಕಪ್ಪಾದ, ಅಗಲ ತಲೆಯ ಸಣ್ಣ ಮೊಳೆ. ಬೆರಳಿಂದ ಕೆದಕಿದೆ. ನಾಲ್ಕು ಸಿಕ್ಕವು, ಮೂಳೆ ಒಂದೂ ಇಲ್ಲ.

ಆ ಮೊಳೆಗಳು ನನಗೆ ಗೊತ್ತು. ಮಂಡಿಯಲ್ಲಿ ಮುರಿದ ಮಾವಿನಹಣ್ಣಿನ ಪೆಟ್ಟಿಗೆಗಳನ್ನು ಅಪ್ಪ ಮನೆಗೆ ತರುತ್ತಿದ್ದರು. ನಮ್ಮ ಬಚ್ಚಲೊಲೆಗೆ ಅದೇ ಸೌದೆ. ಆ ಬೂದಿಯಲ್ಲೇ ಮುಸುರೆ ತಿಕ್ಕುವುದು. ಮೊಳೆ ಕೈಗೆ ಚುಚ್ಚಬಾರದೆಂದು ಅಮ್ಮ ಬೂದಿಯನ್ನು ಜರಡಿ ಹಿಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಮೊಳೆ ಆರಿಸುತ್ತಿದ್ದೆ. ಹುಟ್ಟಿದಾಗಿನಿಂದ ಒಂದು ಲೋಟ ತೊಳೆಯದ ಗಂಡಸಿಗೆ ಬೂದಿಯಲ್ಲಿ ಮೊಳೆ ಇರುತ್ತದೆ ಅಂತ ಎಲ್ಲಿ ಗೊತ್ತಿರಬೇಕು?

ಮಧ್ಯಾಹ್ನ ಊಟಕ್ಕೆ ಬಂದ ಅಪ್ಪನ ಮುಂದೆ ಅಂಗೈ ಚಾಚಿದೆ. ನಾಲ್ಕು ಮೊಳೆ ನೋಡಿ ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

'ಅಮ್ಮ ಎಲ್ಲಿ?' ಎಂದೆ.

'ಹತ್ತು ದಿನದೊಳಗೇ ಬಿಡ್ಬೇಕು ಅಂದ್ರು ಪುರೋಹಿತರು. ನಿಮ್ಮಣ್ಣನ ರಜಾನೂ ಮುಗೀತಿತ್ತು. ಒಂಬತ್ತನೇ ದಿನ ಹೋಗಿ ಬಿಟ್ಟುಬಂದ. ನಿಂಗೆ ಮಾತು ಕೊಟ್ಟಿದ್ನಲ್ಲಮ್ಮಾ, ಹೆಂಗೆ ಹೇಳ್ಲಿ? ನಿನ್ನ ಸಮಾಧಾನಕ್ಕೆ ಅಂತ...'

'ಸಮಾಧಾನಕ್ಕೆ ಬಚ್ಚಲೊಲೆ ಬೂದಿನಾ?'

'ನಾಲ್ಕು ದಿನ ಆದ್ಮೇಲೆ ಮರೀತೀಯ ಅಂದ್ಕೊಂಡೆ. ಅಳಿಯಂದ್ರೂ ಹಂಗೇ ಅಂದ್ರು.'

ಅದನ್ನು ಹೇಳಿದ ಮೇಲೆ ಅವರಿಗೆ ತಾವೇನು ಹೇಳಿದೆವೆಂದು ಹೊಳೆಯಿತು. ನಾಲಿಗೆ ಕಚ್ಚಿಕೊಂಡರು. ನನ್ನ ಗಂಡನಿಗೂ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ರಶ್ಶಿನ ರೈಲನ್ನು ಹೊಡೆದು ಹಾಕಿದ ಆ ಮನುಷ್ಯನಿಗೆ, ಯಾವ ರೈಲೂ ಹತ್ತಬೇಕಾಗಿಲ್ಲ ಅಂತ ಗೊತ್ತಿತ್ತು.

ಅವರು ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದರು. ನಾನು ಊಟ ಬಡಿಸಿದೆ. ಉಂಡು ಕೈತೊಳೆದ ಮೇಲೆ ಒಂದೇ ಒಂದು ಕೇಳಿದೆ: 'ಸೋಮವಾರಕ್ಕೆ ರಜಾ ಹಾಕಿದ್ರಾ?'

ಅವರು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದರು.

'ಸಿಗ್ಲಿಲ್ಲ ಅಂತ ಹೇಳೋಣ ಅಂತಿದ್ದೆ' ಎಂದರು ನನ್ನ ಗಂಡ. 'ಮಗೂನ ಎತ್ಕೊಂಡು ಅಷ್ಟು ದೂರ ಆಗಲ್ಲ, ನೀನೇ ಒಂದಿನ ಬೇಡ ಅಂತೀಯ ಅಂದ್ಕೊಂಡೆ ಕಣೇ. ನಿನ್ನ ಒಳ್ಳೇದಕ್ಕೇ...'

'ನೀವು ಬರೆದುಕೊಟ್ಟ ಚೀಟಿ ನೋಡಿ ನಾನು ಬಟ್ಟೆ ಹೊಲಿದೆ ರೀ' ಎಂದೆ. ಕೂಗಾಡಿದ್ದರೆ ಚೆನ್ನಾಗಿತ್ತೇನೋ. ಅಮ್ಮನನ್ನು ಕಳಿಸಿಕೊಡಲು ನನಗಿದ್ದದ್ದು ಅದೊಂದೇ ದಾರಿ. ಅದನ್ನು ಇವರು ಮೂವರೂ ಸೇರಿ ಮುಚ್ಚಿ, ಅದರ ಮೇಲೆ ಕೂತು ನನ್ನ ಅಳು ನೋಡಿದ್ದರು.

ಎಂಜಲು ಪಾತ್ರೆಗಳನ್ನೆಲ್ಲ ಒಟ್ಟುಮಾಡಿ ಹಿತ್ತಲ ಕಲ್ಲಿನ ಹತ್ತಿರ ಹಾಕಿದೆ. ಕುಡಿಕೆಯನ್ನೂ ಚೊಂಬನ್ನೂ ತಂದು ಬೂದಿಯನ್ನು ಜರಡಿಗೆ ಸುರಿದೆ. ಮಗಳು ಹಿಂದೆಯೇ ಓಡಿಬಂದು ಖಾಲಿ ಕುಡಿಕೆ ಮುಟ್ಟಿ 'ಅಜ್ಜಿ' ಅಂದಳು. ಅವಳನ್ನು ಎತ್ತಿ ಆಚೆ ಕೂರಿಸಿದೆ. ಇನ್ನೂ ಉಳಿದಿದ್ದ ಮೊಳೆ ಆರಿಸಿ ಎಸೆದೆ. ತೆಂಗಿನ ನಾರಿಗೆ ಬೂದಿ ಅದ್ದಿ ಸಾರಿನ ಪಾತ್ರೆ ತಿಕ್ಕತೊಡಗಿದೆ.

ಅಪ್ಪ ಬಾಗಿಲಿಗೆ ಬಂದವರು ಅದನ್ನು ಕಂಡು ಓಡಿಬಂದರು. ಸಂಕಟವಾದರೆ ಅವರ ಬಾಯಲ್ಲಿ ತೆಲುಗೇ ಬರುವುದು. 'ವದ್ದಮ್ಮಾ! ವದ್ದು!' ಎಂದು ನನ್ನ ಕೈ ಹಿಡಿದುಕೊಂಡರು. 'ಮುಸುರೆಗೆ ಹಾಕ್ಬೇಡ ಕಣೇ ಅದನ್ನ. ಮೂರು ತಿಂಗಳು ದಿನಾ ಕೈ ಮುಗಿದಿದೀನಿ ನಾನು ಅದಕ್ಕೆ.' ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದು ಸುಳ್ಳು ಅಳುವಲ್ಲ ಎಂದು ನನಗೆ ಗೊತ್ತಾಯಿತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಕೈ ಬಿಡಿಸಿಕೊಂಡೆ.

'ನಾನೂ ಮುಗಿದಿದೀನಪ್ಪಾ' ಎಂದೆ. 'ಆದ್ರೆ ನಿಮಗೆ ಗೊತ್ತಿತ್ತು.'