ಓನರ್ ಆಂಟಿಯ ಬಾಯಾರಿಕೆ

ಅವರ ಹಿಮ್ಮಡಿಗಳು ಎಷ್ಟು ಒಡೆದಿದ್ದವೆಂದರೆ, ಮೊಸಾಯಿಕ್ ನೆಲದ ಮೇಲೆ ನಡೆದು ಬಂದರೆ ಪರಪರ ಸದ್ದಾಗುತ್ತಿತ್ತು. ಹೊಲದಲ್ಲಿ ಬರಿಗಾಲಲ್ಲಿ ದುಡಿದು ದುಡಿದು ಪಾದ ಅಗಲವಾಗಿ, ಹೆಬ್ಬೆರಳು ಹೊರಕ್ಕೆ ಚಾಚಿಕೊಂಡಿತ್ತು. ಅಂಗಡಿಯಲ್ಲಿ ಹೆಂಗಸರ ಚಪ್ಪಲಿ ಯಾವುದೂ ಹಿಡಿಸದೆ ಗಂಡಸರ ಹವಾಯಿ ಚಪ್ಪಲಿಯನ್ನೇ ಹಾಕಿಕೊಳ್ಳುತ್ತಿದ್ದರು. ಮಹಡಿ ಹತ್ತಿ ಬಂದು ಅವರು ನಮ್ಮ ಬಾಗಿಲು ತಟ್ಟುವ ಮೊದಲೇ ಬಂದದ್ದು ನಮಗೆ ತಿಳಿಯುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ನನ್ನ ಗಂಡ ಬಚ್ಚಲ ನಲ್ಲಿ ನಿಲ್ಲಿಸಿ, ಶರ್ಟು ಏರಿಸಿಕೊಂಡು, ಬಹಳ ಸಭ್ಯ ಮನುಷ್ಯನಾಗಿ ಸೋಫಾದಲ್ಲಿ ಕೂರುತ್ತಿದ್ದರು.

ಉತ್ತರಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮೈದುನನ ಸಂಸಾರ ಅದೇ ರಸ್ತೆಯಲ್ಲಿತ್ತು. ನಾವಿರಲಿ, ಸೊಪ್ಪಿನ ಗಾಡಿಯವನೂ ಅವರನ್ನು ಓನರ್ ಆಂಟಿ ಎಂದೇ ಕರೆಯುತ್ತಿದ್ದ. ಒಂದು ಕಾಲಕ್ಕೆ ಅಲ್ಲಿ ಅವರ ರಾಗಿ ಹೊಲವಿತ್ತಂತೆ. ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ, "ನಿನ್ನ ಅಡುಗೆಮನೆ ಐತಲ್ಲ, ಅಲ್ಲೇ ಕಣಮ್ಮಿ ನಮ್ಮ ಎಮ್ಮೆ ಕಟ್ತಿದ್ದಿದ್ದು" ಎಂದು ನೆನಪಿಸುತ್ತಿದ್ದರು. ನಾನೇನು ಕಡಿಮೆ ಬಾಯಿಯವಳಲ್ಲ. "ಎಮ್ಮೆಗೂ ಇಷ್ಟೇ ಹೊತ್ತು ಮೋಟಾರ್ ಹಾಕ್ತಿದ್ರಾ ಆಂಟಿ?" ಎಂದು ಕೇಳುತ್ತಿದ್ದೆ. ಮೋಟಾರಿನ ಸ್ವಿಚ್ಚು ಅವರ ಮನೆಯೊಳಗೆ, ನೀರಿಲ್ಲದ ನಲ್ಲಿ ನನ್ನ ಮನೆಯೊಳಗೆ. ಹಾಗಾಗಿ ನಮ್ಮ ಮೊದಲ ವರ್ಷವೆಲ್ಲ ಜಗಳದಲ್ಲೇ ಕಳೆಯಿತು.

ಟ್ಯಾಂಕಿನ ನೀರಿಗೆ ಅಷ್ಟು ಕೈಬಿಗಿ ಮಾಡುತ್ತಿದ್ದ ಅದೇ ಹೆಂಗಸು ಕುಡಿಯುವ ನೀರಿನ ವಿಷಯಕ್ಕೆ ಬಂದರೆ ಬೇರೆಯೇ ಆಗುತ್ತಿದ್ದರು. ಬೆಳಗ್ಗೆ ಎದ್ದು ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಇಡುವರು. ಗೇಟಿನೊಳಗೆ ಕಾಲಿಟ್ಟವರು ಯಾರೇ ಆಗಲಿ, ಒಂದು ಲೋಟ ಕುಡಿಯದೆ ಹೊರಗೆ ಹೋಗುವಂತಿಲ್ಲ. ಸಿಲಿಂಡರ್ ತರುವವನು, ಮೀಟರ್ ನೋಡುವವನು, ಓಟು ಕೇಳಲು ಬಂದವರು, ಎಲ್ಲರಿಗೂ ಒಂದೇ ಕಾನೂನು. ಬೇಡವೆಂದ ಕೊರಿಯರ್ ಹುಡುಗನ ಬ್ಯಾಗನ್ನು ಹಿಡಿದಿಟ್ಟುಕೊಂಡು, ಕುಡಿದ ಮೇಲೆ ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ನನ್ನ ಮಗಳು ಸ್ಕೂಲ್ ವ್ಯಾನಿಗೆ ಓಡುವಾಗ ಗೇಟಿಗೆ ಅಡ್ಡ ನಿಲ್ಲುತ್ತಿದ್ದರು.

"ಅಜ್ಜಿ, ವ್ಯಾನ್ ಹೊರಟೋಗುತ್ತೆ!"

"ಎಲ್ಲೂ ಹೋಗಲ್ಲ. ವ್ಯಾನ್‌ನೋನಿಗೂ ಕೊಡ್ತೀನಿ, ನಿಲ್ತಾನೆ. ಕುಡಿ ನೀನು."

ವ್ಯಾನಿನವನು ನಿಜವಾಗಿಯೂ ನಿಲ್ಲುತ್ತಿದ್ದ. ಇದೆಲ್ಲ ಹಳೆಯ ಜಮೀನುದಾರರ ಗತ್ತು ಎಂದು ನಾನು ಗಂಡನ ಹತ್ತಿರ ಆಡಿಕೊಳ್ಳುತ್ತಿದ್ದೆ.

ನಮ್ಮ ಬಡಾವಣೆಯ ಸಂಘದವರು ಒಂದು ಭಾನುವಾರ ವಾಕಥಾನ್ ಇಟ್ಟುಕೊಂಡರು. ಉತ್ತರಹಳ್ಳಿಯ ಆಟದ ಮೈದಾನದಿಂದ ಬನಶಂಕರಿ ದೇವಸ್ಥಾನದ ಹತ್ತಿರದ ಕಲ್ಯಾಣ ಮಂಟಪದವರೆಗೆ ನಡೆಯುವುದು. ಹೆಸರು ಕೊಟ್ಟವರಿಂದ ಬಂದ ಹಣದಲ್ಲಿ ಹಳ್ಳಿ ಶಾಲೆಗಳಿಗೆ ಶುದ್ಧ ಕುಡಿಯುವ ನೀರಿನ ಯಂತ್ರ ಹಾಕಿಸುವುದು. ಪಾಂಪ್ಲೆಟ್ ಹಿಡಿದು ಬಂದವರಿಗೆ ಆಂಟಿ ಮೊದಲು ನೀರು ಕುಡಿಸಿದರು. ಆಮೇಲೆ ವಿಚಾರಣೆ ಶುರು ಮಾಡಿದರು.

"ನಾವು ನಡೆದ್ರೆ ಅಲ್ಲಿ ಮಕ್ಕಳಿಗೆ ಒಳ್ಳೆ ನೀರು ಬರ್ತದಾ?"

"ಬರುತ್ತೆ ಆಂಟಿ, ಶಾಲೆಗೇ ಫಿಲ್ಟರ್ ಹಾಕಿಸ್ತೀವಿ."

"ಬನಶಂಕರಿ ಅಮ್ಮನ ತಾವಕ್ಕೇ ಹೋಗೋದಾ?"

"ಅದರ ಪಕ್ಕದಲ್ಲೇ."

"ಹಂಗಾದ್ರೆ ನನ್ನ ಹೆಸರು ಬರ್ಕೊ."

ನಾನು ನಕ್ಕೆ. ಸಕ್ಕರೆ ಕಾಯಿಲೆಯ ಹೆಂಗಸು, ತರಕಾರಿ ತರಲು ಮೂಲೆಯ ಅಂಗಡಿಗೆ ಹೋದರೂ ಆಟೋದಲ್ಲಿ ವಾಪಸು ಬರುವವರು. ಅವರನ್ನು ಒಬ್ಬರನ್ನೇ ಬಿಡಲು ಮನಸ್ಸಾಗದೆ ಮಗಳನ್ನು ಕರೆದುಕೊಂಡು ನಾನೂ ಹೊರಟೆ.

ಅಂದು ಬೆಳಗ್ಗೆ ಅವರು ಸೀರೆಯ ಮೇಲೆ ಸಂಘದವರು ಕೊಟ್ಟ ನೀಲಿ ಟೀ ಶರ್ಟು ಹಾಕಿ, ಹಣೆಗೆ ವಿಭೂತಿ ಇಟ್ಟುಕೊಂಡು ಗೇಟಿನಲ್ಲಿ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೇಳಿದರೆ, "ಇರಲಿ ನಡಿ" ಎಂದರು. ಮೈದಾನದಲ್ಲಿ ಮೈಕಿನವನು ಕನ್ನಡ, ಇಂಗ್ಲಿಷ್ ಬೆರೆಸಿ ಹುರಿದುಂಬಿಸುತ್ತಿದ್ದ. ಹೊಸ ಶೂ ಹಾಕಿಕೊಂಡ ಅಂಕಲ್‌ಗಳು ನಡೆಯುವುದಕ್ಕಿಂತ ಹೆಚ್ಚು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಆಂಟಿ ಯಾರ ಗೊಡವೆಗೂ ಹೋಗದೆ ಮುಂದೆ ಮುಂದೆ ನಡೆದರು. ದಾರಿಯಲ್ಲಿ ಅಲ್ಲಲ್ಲಿ ಮೇಜು ಹಾಕಿ ನೀರು ಹಂಚುತ್ತಿದ್ದರು. ಪ್ರತಿ ಮೇಜಿನಲ್ಲೂ ಅವರು ಒಂದು ಬಾಟಲಿ ಇಸಿದುಕೊಂಡು ಯಾರಿಗಾದರೂ ಕೊಟ್ಟುಬಿಡುವರು. ಒಮ್ಮೆ ಟ್ರಾಫಿಕ್ ಪೊಲೀಸನಿಗೆ, ಇನ್ನೊಮ್ಮೆ ಹೂ ಕಟ್ಟುತ್ತಿದ್ದ ಹೆಂಗಸಿಗೆ.

ಕದಿರೇನಹಳ್ಳಿ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಆಂಟಿ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದುಕೊಂಡು, ಷಟರ್ ಎಳೆದಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕೂತರು. ತುಟಿ ಬಿಳಿಚಿ ಅಂಟಿಕೊಂಡಿತ್ತು. ಆಗ ನನಗೆ ಹೊಳೆಯಿತು.

"ಆಂಟಿ, ಬೆಳಗ್ಗೆಯಿಂದ ನೀವು ನೀರು ಕುಡಿದಿದ್ದೀರಾ ಇಲ್ವಾ?"

"ಇಲ್ಲ."

"ತಿಂಡಿ?"

"ಅಮ್ಮನ ತಾವಕ್ಕೆ ನಡ್ಕೊಂಡ್ ಹೋಗೋರು ಯಾರಾದ್ರೂ ತಿಂದು ಹೊರಡ್ತಾರಾ? ಹರಕೆ ಮಾಡ್ಕೊಂಡಿದ್ದೀನಿ. ಅಲ್ಲಿ ಮುಟ್ಟೋವರೆಗೂ ಒಂದು ಹನಿ ನೀರೂ ಇಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಇದು ಹರಕೆ ಅಲ್ಲ ಆಂಟಿ, ವಾಕಥಾನ್! ನೀರಿಗೋಸ್ಕರ ನಡೀತಾ ನೀವು ನೀರೇ ಕುಡೀದೆ ಸಾಯ್ಬೇಕಾ? ಶುಗರ್ ಇಟ್ಕೊಂಡು ಏನ್ ಹುಚ್ಚಾಟ ನಿಮ್ದು?" ಎಂದು ಬೀದಿಯಲ್ಲೇ ಕೂಗಾಡಿದೆ. ಬಾಟಲಿಯ ಮುಚ್ಚಳ ತೆಗೆದು ಅವರ ಬಾಯಿಯ ಹತ್ತಿರ ಹಿಡಿದೆ. ಅವರು ಮುಖ ತಿರುಗಿಸಿದರು.

"ನಂಗೊಂದು ಹೆಣ್ಮಗ ಇತ್ತು, ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಅವರಿಗೆ ಮಕ್ಕಳೇ ಆಗಲಿಲ್ಲವೆಂದು ನಾವೆಲ್ಲ ತಿಳಿದಿದ್ದೆವು.

"ಇವಳಷ್ಟೇ ಇತ್ತು," ಎಂದು ನನ್ನ ಮಗಳನ್ನು ನೋಡಿದರು. "ಉತ್ತರಹಳ್ಳಿ ಆಗಿನ್ನೂ ಹಳ್ಳಿನೇ. ಮಳೆಗಾಲದಲ್ಲಿ ಬಾವಿಗೆ ಕೊಳಕು ಸೇರ್ಕೊಂಡು ಊರಲ್ಲೆಲ್ಲ ವಾಂತಿ ಭೇದಿ. ಇದಕ್ಕೂ ಸುರುವಾಯ್ತು. ನೀರ್ ಕೊಡವ್ವಾ, ನೀರ್ ಕೊಡವ್ವಾ ಅಂತ ಒಂದೇ ಸಮ. ನಮ್ಮತ್ತೆ ಬೇಡ ಅಂದ್ರು, ಅಕ್ಕಪಕ್ಕದೋರೂ ಬೇಡ ಅಂದ್ರು. ಭೇದಿ ಆಗೋವಾಗ ನೀರ್ ಕೊಟ್ರೆ ಇನ್ನೂ ಕಿತ್ಕೊಂಡ್ ಹೋಗ್ತದೆ, ಹೊಟ್ಟೆ ಒಣಗ್ಬೇಕು ಅಂತ. ಆಗ ಎಲ್ಲರೂ ಹಂಗೇ ಅಂತಿದ್ದಿದ್ದು. ನಾನು ಕೊಡ್ಲಿಲ್ಲ ಕಣಮ್ಮಿ. ಚೊಂಬು ಅದರ ಕಣ್ಣಿಗೆ ಬೀಳ್ದಂಗೆ ಮಂಚದ ಕೆಳಗೆ ಇಟ್ಟಿದ್ದೆ. ಆಮೇಲೆ ಅದು ಕೇಳೋದೇ ಬಿಟ್ಬಿಡ್ತು."

ಟೀ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದರು: "ಎಲ್ಲಾ ಮುಗಿದ ಮೇಲೆ ಡಾಕ್ಟ್ರು ಬಂದ್ರು. ಕಾಸಿದ ನೀರು, ಉಪ್ಪು, ಸಕ್ರೆ ಕೊಡ್ತಾ ಇದ್ದಿದ್ರೆ ಉಳ್ಕೊಳ್ತಿತ್ತು ಅಂದ್ರು. ಬಾಯಿ ಒಣಗಿದ್ರೆ ಹೆಂಗಾಗ್ತದೆ ಅಂತ ನಂಗೂ ಒಂದು ದಿನ ಗೊತ್ತಾಗ್ಲಿ ಬಿಡು."

ನಾನು ತೆರೆದ ಬಾಟಲಿ ಹಿಡಿದುಕೊಂಡೇ ನಿಂತಿದ್ದೆ. ನೀಲಿ ಟೀ ಶರ್ಟಿನವರು ಹಾಡು ಹಾಕಿಕೊಂಡು ನಮ್ಮನ್ನು ದಾಟಿ ಹೋಗುತ್ತಲೇ ಇದ್ದರು. ಎಂದೋ ಸತ್ತುಹೋದ ಅವರ ಅತ್ತೆಯ ಮೇಲೆ, ಬಾವಿಯ ಮೇಲೆ, ಈ ಹಟಮಾರಿ ಹೆಂಗಸಿನ ಮೇಲೆ ನನಗೆ ತಡೆಯಲಾರದ ಸಿಟ್ಟು ಬಂತು, ಸಿಟ್ಟಿನಲ್ಲೇ ಅತ್ತುಬಿಟ್ಟೆ. ಮಗಳು ಹೋಗಿ ಅವರ ಕೈ ಹಿಡಿದುಕೊಂಡಳು. ಉಳಿದ ದಾರಿಯನ್ನು ಇಬ್ಬರೂ ಎರಡು ಕಡೆ ಆಸರೆಯಾಗಿ ಅವರನ್ನು ನಡೆಸಿದೆವು. ಮಂಟಪದ ಅಂಗಳದಲ್ಲಿ ಕುಣಿತ ನಡೆದಿತ್ತು. ಅವರು ಅತ್ತ ನೋಡದೆ ದೇವಸ್ಥಾನದ ಬಾಗಿಲಿಗೆ ಹೋಗಿ, ಕೈಮುಗಿದು, ನನ್ನ ಕೈಯಿಂದ ಬಾಟಲಿ ಇಸಿದುಕೊಂಡರು. ಒಂದೇ ಉಸಿರಿಗೆ ಕುಡಿದರು. ನೀರು ಗಲ್ಲದಿಂದ ಇಳಿದು ಟೀ ಶರ್ಟು ನೆನೆಯಿತು.

"ಎಷ್ಟು ತಂಪಾಗದೆ ಕಣಮ್ಮಿ," ಎಂದರು. "ಇಷ್ಟೇ ಅಲ್ವಾ ಅದು ಕೇಳಿದ್ದು."

ಮರುವರ್ಷ ಅವರ ಕಾಲು ಊದಿಕೊಳ್ಳತೊಡಗಿತು. ಸಕ್ಕರೆ ಕಾಯಿಲೆ ಒಳಗೊಳಗೇ ಕಿಡ್ನಿಗಳನ್ನು ತಿಂದುಹಾಕಿತ್ತು. ಜೆ.ಪಿ. ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿ ಡಾಕ್ಟರು ಮೊದಲು ಹಾಕಿದ ಕಟ್ಟಳೆಯೇ ನೀರಿನದು. ದಿನಕ್ಕೆ ಅಳೆದು ಕೊಡಬೇಕು, ಅದಕ್ಕಿಂತ ಒಂದು ಗುಟುಕೂ ಹೆಚ್ಚಾಗಬಾರದು. ಯಾರಿಗೆ ಏನನ್ನು ಇಲ್ಲವೆನ್ನಬೇಕು ಎಂಬುದನ್ನು ಆರಿಸುವವನು ಎಂಥ ಕಟುಕನಿರಬೇಕು ಎಂದು ದೇವರನ್ನು ಬಾಯಿಗೆ ಬಂದಂತೆ ಬೈದುಕೊಂಡೆ.

ಅವರ ಮೈದುನನ ಮನೆಯವರೂ ನಾನೂ ಸರದಿಯ ಮೇಲೆ ಕಾಯುತ್ತಿದ್ದೆವು. "ಒಂದೇ ಒಂದು ಗುಟುಕು ಕೊಡಮ್ಮಿ" ಎಂದು ಅವರು ಕೇಳುವರು. ಅಂದಿನ ಅಳತೆ ಮುಗಿದಿರುತ್ತಿತ್ತು. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿ ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದೆ. ಒಂದು ದಿನ ನನ್ನ ಸೆರಗು ಹಿಡಿದೆಳೆದರು.

"ಅಳಬೇಡ. ಡಾಕ್ಟ್ರು ಬೇಡ ಅಂದವ್ರೆ, ನೀನೇನ್ ಮಾಡ್ತೀಯ? ನಿನ್ನ ತಪ್ಪಲ್ಲ ಬಿಡು."

"ನಿಮ್ದೂ ತಪ್ಪಲ್ಲ ಆಂಟಿ," ಎಂದೆ. "ನೀವೂ ದೊಡ್ಡೋರು ಹೇಳಿದ್ದು ಕೇಳಿದ್ರಿ ಅಷ್ಟೇ."

ಅವರು ಗೋಡೆಯ ಕಡೆ ಮಗ್ಗುಲಾದರು. ನನ್ನ ಮಾತು ಅವರನ್ನು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ಅವರು ಹೋದದ್ದು ಒಂದು ಶನಿವಾರದ ಸಂಜೆ. ಅಂದು ಬೆಳಗ್ಗೆಯೇ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಅಳತೆ ಬೇಡಮ್ಮ, ಕೇಳಿದ್ದು ಕೊಡಿ" ಎಂದಿದ್ದರು. ಅದರ ಅರ್ಥ ನನಗೆ ಗೊತ್ತಾಯಿತು. ಮನೆಗೆ ಫೋನ್ ಮಾಡಿ ಮಗಳನ್ನು ಕರೆಸಿಕೊಂಡೆ. ಲೋಟದ ತುಂಬ ನೀರು, ಒಂದು ಚಮಚ ತಂದು ಹಾಸಿಗೆಯ ತಲೆಭಾಗವನ್ನು ಎತ್ತರಿಸಿದೆ.

"ಆಂಟಿ, ಈಗ ಎಷ್ಟು ಬೇಕಾದ್ರೂ ಕುಡೀಬಹುದಂತೆ. ಡಾಕ್ಟ್ರೇ ಹೇಳಿದ್ರು."

ಅವರ ಕಣ್ಣು ನನ್ನನ್ನು ದಾಟಿ ಹಿಂದೆ ನಿಂತಿದ್ದ ಮಗಳ ಮೇಲೆ ನಿಂತಿತು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯಿಂದ ಚಮಚ ತೆಗೆದುಕೊಂಡರು. ಕೈ ಎತ್ತುವ ಬಲವಿಲ್ಲದ್ದರಿಂದ ನಾನು ಮೊಣಕೈಗೆ ಆಸರೆ ಕೊಟ್ಟೆ. ಲೋಟದಲ್ಲಿ ಚಮಚ ಅದ್ದಿ, ತಮ್ಮ ಬಾಯಿಗಲ್ಲ, ಅವಳತ್ತ ಚಾಚಿದರು.

"ತಗೋ ಮಗ, ಕುಡಿ," ಎಂದರು. "ಯಾರು ಬೇಡ ಅಂದ್ರೂ ಕುಡಿ."

ಮಗಳು ಒಮ್ಮೆ ನನ್ನ ಮುಖ ನೋಡಿದಳು. ತಾನೇ ಮಂಚದ ಹತ್ತಿರ ಬಂದು, ಬಗ್ಗಿ, ಚಮಚದಲ್ಲಿ ಉಳಿದಿದ್ದಷ್ಟನ್ನು ಕುಡಿದಳು.

"ಇನ್ನೂ ಬೇಕಾ?"

"ಬೇಕು ಅವ್ವಾ," ಎಂದಳು ನನ್ನ ಮಗಳು.

ಲೋಟ ಬರಿದಾಗುವವರೆಗೂ ಆಂಟಿ ಅವಳಿಗೆ ಕುಡಿಸಿದರು.